ಭಾನುವಾರದ ಕಪ್ಪೆ ನಡಿಗೆ: ಎಲೆಗೆ ನೇತಾಡುವ ಮರಿಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಕಪ್ಪೆ ನೋಡಲು ಭಾನುವಾರ ಬೆಳಿಗ್ಗೆ 7ಕ್ಕೆ ಪುಣೆ ಹತ್ತಿರದ ಸಿಂಹಗಡ ಕೋಟೆಯ ಬುಡದಲ್ಲಿ ಸೇರೋಣ. ಮಳೆ ಬಂದರೂ ನಡಿಗೆ ಇದೆ. ಮಳೆ ಇದ್ದರೇ ಕಪ್ಪೆ, ಅಲ್ವಾ?

ಕಳೆದ ವಾರ ಕೆಲವರು ಫೋಟೋ ಹಾಕಿ, "ಮರಿಗಳು ಎಲೆಗೆ ನೇತಾಡುತ್ತಿವೆ, ಸತ್ತಿವೆಯಾ?" ಎಂದು ಕೇಳಿದ್ದರು. ಸತ್ತಿಲ್ಲ. ಆಗತಾನೇ ಮೊಟ್ಟೆಯಿಂದ ಬಂದ ಗೊದಮೊಟ್ಟೆಗೆ ಸರಿಯಾಗಿ ಈಜಲು ಬರುವುದಿಲ್ಲ. ಎಷ್ಟೋ ಜಾತಿಗಳಲ್ಲಿ ಬಾಯಿ ಕೂಡ ಇನ್ನೂ ತೆರೆದಿರುವುದಿಲ್ಲ. ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯೇ ಬುತ್ತಿ. ಈಜಲು ಬರುವವರೆಗೆ ಎಲ್ಲಾದರೂ ಅಂಟಿಕೊಂಡಿರಲು ಬಾಯಿಯ ಕೆಳಗೊಂದು ಅಂಟು ಗ್ರಂಥಿ ಇರುತ್ತದೆ.

ಇದು ಮೊಟ್ಟೆಯೊಳಗೇ ತಯಾರಾಗುತ್ತದೆ. ಭ್ರೂಣದ ತಲೆಯ ಮುಂಭಾಗದಲ್ಲಿ ಹೊರಪದರದ ಜೀವಕೋಶಗಳು ಕಂಬದ ಹಾಗೆ ಉದ್ದವಾಗಿ, ಅಂಟುವ ಲೋಳೆ ಬಿಡಲು ಶುರುಮಾಡುತ್ತವೆ. ನನಗೆ ಜಾಸ್ತಿ ಇಷ್ಟವಾದದ್ದು ಬೇರೆ. ಆಫ್ರಿಕಾದ ಕ್ಸೆನೋಪಸ್ ಕಪ್ಪೆಯಲ್ಲಿ ಈ ಗ್ರಂಥಿಗೆ ನರವೂ ಇದೆ. ಮರಿ ಎಲ್ಲಾದರೂ ತಾಗಿ ಅಂಟಿಕೊಂಡರೆ ಸುದ್ದಿ ಮಿದುಳಿಗೆ ಹೋಗಿ ಈಜು ನಿಲ್ಲುತ್ತದೆ. ಅಂಟೂ ಅದೇ, ಬ್ರೇಕೂ ಅದೇ! ಕ್ಸೆನೋಪಸ್‌ಗೆ ಗ್ರಂಥಿ ಒಂದೇ, ಎಷ್ಟೋ ಕಪ್ಪೆಗಳ ಮರಿಗೆ ಎರಡು. ಈಜು, ಊಟ ಶುರುವಾದ ಮೇಲೆ ಕೆಲವೇ ದಿನಗಳಲ್ಲಿ ಕರಗಿಹೋಗುತ್ತದೆ.

ಆದ್ದರಿಂದ ಸುಮ್ನೆ ಎಲೆಯಿಂದ ಕಿತ್ತು ನೋಡಬೇಡಿ. ಕೈಗೆ ಸೊಳ್ಳೆ ಮುಲಾಮು ಹಚ್ಚಿದ್ದರೆ ನೀರು ಮುಟ್ಟಲೇಬೇಡಿ. ಭೂತಗನ್ನಡಿ ಇದ್ದವರು ತನ್ನಿ. ಕೋಥರೂಡ್ ಕಡೆಯವರು ಕಾರಿನಲ್ಲಿ ಜಾಗ ಇದ್ದರೆ ಶನಿವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.