ಪ್ರಸಾರಕ್ಕೆ ಮುಂಚೆ ಮಕ್ಕಳ ಮುಂದೆ ಇಟ್ಟು ನೋಡಿದವರು

ಮಾನ್ಯ ಸಂಪಾದಕರೇ,

ಮಕ್ಕಳ ದಿನಾಚರಣೆ ಹತ್ತಿರ ಬಂತು ಅಂದರೆ ಪತ್ರಿಕೆಗಳಲ್ಲಿ, ವಾಟ್ಸಾಪಿನಲ್ಲಿ ಎಲ್ಲ ಕಡೆ ಒಂದೇ ಬುದ್ಧಿವಾದ: ಟಿವಿ ಆರಿಸಿ, ಮೊಬೈಲ್ ಕಿತ್ತುಕೊಳ್ಳಿ. ಅದನ್ನು ಓದಿದಾಗಲೆಲ್ಲ ನನಗೆ ಜೋನ್ ಗಾಂಜ್ ಕೂನಿ ನೆನಪಾಗುತ್ತಾರೆ. ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮ 'ಸೆಸಮಿ ಸ್ಟ್ರೀಟ್' ಹೆಸರು ನಮ್ಮಲ್ಲಿ ತುಂಬಾ ಜನ ಕೇಳಿದ್ದಾರೆ. 2006ರಲ್ಲಿ ಹಿಂದಿಯಲ್ಲಿ ಶುರುವಾದ ಅದರ ನಮ್ಮ ದೇಶದ ರೂಪ 'ಗಲ್ಲಿ ಗಲ್ಲಿ ಸಿಮ್ ಸಿಮ್' ಮತ್ತು ಅದರ ಬೊಂಬೆ ಚಮ್ಕಿಯನ್ನು ನೋಡಿ ಬೆಳೆದವರೂ ಇದ್ದಾರೆ. ಆದರೆ ಮೂಲ ಕಾರ್ಯಕ್ರಮವನ್ನು ಕಟ್ಟಿದ ಈ ಹೆಂಗಸಿನ ಬಗ್ಗೆ ಕನ್ನಡದಲ್ಲಿ ಮಾತು ಕಡಿಮೆ. ನಮ್ಮ ಚಾನೆಲ್‌ಗಳವರಿಗೆ, ಯೂಟ್ಯೂಬಿನಲ್ಲಿ ಮಕ್ಕಳ ವಿಡಿಯೋ ಮಾಡುವವರಿಗೆ ಅವರ ಕೆಲಸ ಗೊತ್ತಾಗಲಿ ಅಂತ ಈ ಪತ್ರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಹಾಕಿ.

ಕೂನಿ ಮಕ್ಕಳ ತಜ್ಞೆ ಆಗಿರಲಿಲ್ಲ. 1929ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಹುಟ್ಟಿದರು. ಓದಿದ್ದು ಶಿಕ್ಷಣ, ಸೇರಿದ್ದು ಪತ್ರಿಕೆಗೆ. ಆಮೇಲೆ ನ್ಯೂಯಾರ್ಕಿಗೆ ಬಂದು ಟಿವಿ ಕಾರ್ಯಕ್ರಮಗಳ ಪ್ರಚಾರದ ಕೆಲಸ ಮಾಡಿದರು. 1962ರಲ್ಲಿ ಅಲ್ಲಿ ಒಂದು ಸಾರ್ವಜನಿಕ ಚಾನೆಲ್ ಶುರುವಾದಾಗ, ಸಂಬಳ ಕಡಿಮೆಯಾದರೂ ಪರವಾಗಿಲ್ಲ ಅಂತ ಸಾಕ್ಷ್ಯಚಿತ್ರ ಮಾಡಲು ಹೋದರು. ಬಡತನದ ಮೇಲೆ ಅವರು ಮಾಡಿದ ಕಾರ್ಯಕ್ರಮಕ್ಕೆ ಎಮ್ಮಿ ಪ್ರಶಸ್ತಿಯೂ ಬಂತು. ಬಡ ಮಕ್ಕಳು ಶಾಲೆಗೆ ಬರುವ ಹೊತ್ತಿಗೇ ಹಿಂದೆ ಬಿದ್ದಿರುತ್ತಾರೆ ಅನ್ನುವುದು ಆಗ ಅಮೆರಿಕದಲ್ಲಿ ದೊಡ್ಡ ಚರ್ಚೆಯ ವಿಷಯ.

1966ರ ಫೆಬ್ರವರಿಯಲ್ಲಿ ಅವರ ಮನೆಗೆ ಊಟಕ್ಕೆ ಬಂದವರಲ್ಲಿ ಲಾಯ್ಡ್ ಮಾರಿಸೆಟ್ ಒಬ್ಬರು. ಮನಶ್ಶಾಸ್ತ್ರ ಓದಿದವರು, ಕಾರ್ನೆಗಿ ಅನ್ನುವ ದತ್ತಿ ಸಂಸ್ಥೆಯಲ್ಲಿ ಅಧಿಕಾರಿ. ಅವರ ಮೂರು ವರ್ಷದ ಮಗಳು ಬೆಳಗಿನ ಜಾವವೇ ಎದ್ದು, ಕಾರ್ಯಕ್ರಮ ಶುರುವಾಗುವ ಮುಂಚೆ ಪರದೆಯ ಮೇಲೆ ಸುಮ್ನೆ ನಿಂತಿರುತ್ತಿದ್ದ ಗೆರೆಗಳ ಚಿತ್ರವನ್ನೇ ನೋಡುತ್ತಾ ಕೂರುತ್ತಿದ್ದಳಂತೆ. ಮಕ್ಕಳನ್ನು ಇಷ್ಟು ಹಿಡಿದಿಡುವ ಟಿವಿಯಿಂದ ಏನಾದರೂ ಕಲಿಸಲು ಆಗುತ್ತದಾ ಅಂತ ಅವರು ಕೇಳಿದರು. ಕೂನಿ ಆ ಪ್ರಶ್ನೆಯನ್ನು ಊಟದ ಮೇಜಿನ ಮೇಲೇ ಬಿಟ್ಟು ಏಳಲಿಲ್ಲ. ಅಮೆರಿಕ, ಕೆನಡಾ ಎಲ್ಲ ಸುತ್ತಿ ಮನಶ್ಶಾಸ್ತ್ರಜ್ಞರು, ಶಿಕ್ಷಕರು, ಟಿವಿಯವರ ಜೊತೆ ಮಾತಾಡಿ ಅದೇ ವರ್ಷ ವರದಿ ಬರೆದರು. ಆಗಲೇ ಅಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಮನೆಗಳಲ್ಲಿ ಟಿವಿ ಇತ್ತು. ಶಾಲೆ ತಲುಪದ ಮನೆಗೂ ಟಿವಿ ತಲುಪಿತ್ತು. ಮಾತು ಸರಿಯಾಗಿ ಬರದ ಮಕ್ಕಳೂ ಬಿಯರ್ ಜಾಹೀರಾತಿನ ಹಾಡು ಹಾಡುತ್ತಿದ್ದರು. ಹಾಗಾದರೆ ಅದೇ ಜಾಹೀರಾತಿನ ಚುರುಕು, ಅದೇ ಪುನರಾವರ್ತನೆ, ಅದೇ ರಾಗ ಬಳಸಿ ಅಕ್ಷರ ಯಾಕೆ ಕಲಿಸಬಾರದು? ಸೆಸಮಿ ಸ್ಟ್ರೀಟಿನ ಮೊದಲ ಕಂತಿಗೆ, ಜಾಹೀರಾತಿನ ಧಾಟಿಯಲ್ಲೇ ಹೇಳಿದ ಪ್ರಾಯೋಜಕರು ಯಾರು ಗೊತ್ತಾ? ಡಬ್ಲ್ಯೂ, ಎಸ್, ಇ ಅಕ್ಷರಗಳು ಮತ್ತು 2, 3 ಅಂಕಿಗಳು.

1968ರಲ್ಲಿ ಈ ಕಾರ್ಯಕ್ರಮ ಮಾಡಲು ಚಿಲ್ಡ್ರನ್ಸ್ ಟೆಲಿವಿಷನ್ ವರ್ಕ್‌ಶಾಪ್ ಅನ್ನುವ ಸಂಸ್ಥೆ ಹುಟ್ಟಿತು. ಕಾರ್ನೆಗಿ, ಫೋರ್ಡ್ ದತ್ತಿ ಸಂಸ್ಥೆಗಳಿಂದ ಮತ್ತು ಸರ್ಕಾರದ ಶಿಕ್ಷಣ ಇಲಾಖೆಯಿಂದ ಸುಮಾರು 80 ಲಕ್ಷ ಡಾಲರ್ ಬಂತು. ಇಷ್ಟು ದೊಡ್ಡ ಕೆಲಸಕ್ಕೆ ಹೆಂಗಸು ಮುಖ್ಯಸ್ಥೆ ಆದರೆ ಜನ ಗಂಭೀರವಾಗಿ ತಗೊಳ್ಳುತ್ತಾರಾ ಅಂತ ಕೆಲವರಿಗೆ ಅನುಮಾನ. ಬೇರೆಯವರನ್ನು ಹುಡುಕುವ ಮಾತೂ ನಡೆಯಿತು. ಎರಡನೇ ಸ್ಥಾನದಲ್ಲಿ ಕೂರಲ್ಲ ಅಂತ ಕೂನಿ ನೇರವಾಗಿ ಹೇಳಿದರು. ಕಲ್ಪನೆ ಅವರದ್ದು, ವರದಿ ಅವರದ್ದು, ಕುರ್ಚಿ ಮಾತ್ರ ಬೇರೆಯವರಿಗಾ? ಆ ಹಟ ಇರದಿದ್ದರೆ ಮುಂದಿನದು ಯಾವುದೂ ಹೀಗೆ ಆಗುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ.

ಯಾಕಂದ್ರೆ ಕೂನಿ ಮಾಡಿದ ನಿಜವಾದ ಹೊಸ ಕೆಲಸ ಬೊಂಬೆಗಳಲ್ಲ. ಕಾರ್ಯಕ್ರಮದ ಬೊಂಬೆಗಳು ಬೊಂಬೆಯಾಟದ ಕಲಾವಿದ ಜಿಮ್ ಹೆನ್ಸನ್ ಅವರವು. ಕಾರ್ಯಕ್ರಮ ಮಾಡುವವರನ್ನೂ ಮಕ್ಕಳ ಕಲಿಕೆ ಬಗ್ಗೆ ಸಂಶೋಧನೆ ಮಾಡುವವರನ್ನೂ ಒಂದೇ ಸೂರಿನಡಿ ಕೂರಿಸಿ, ಇಬ್ಬರೂ ಒಬ್ಬರ ಮಾತು ಒಬ್ಬರು ಕೇಳಲೇಬೇಕು ಅಂತ ಮಾಡಿದ್ದು ಕೂನಿ. ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಲೆಸ್ಸರ್ ಬಂದರು, ಸಂಶೋಧಕ ಎಡ್ವರ್ಡ್ ಪಾಮರ್ ಬಂದರು. ಪಾಮರ್ ಮಾಡಿದ ಪರೀಕ್ಷೆ ಎಷ್ಟು ಸರಳ ನೋಡಿ: ಟಿವಿಯ ಪಕ್ಕದಲ್ಲೇ ಇನ್ನೊಂದು ಪರದೆ ಇಟ್ಟು ಅದರಲ್ಲಿ 7.5 ಸೆಕೆಂಡಿಗೊಮ್ಮೆ ಹೊಸ ಚಿತ್ರ ತೋರಿಸುವುದು. ಮಗುವಿನ ಕಣ್ಣು ಟಿವಿ ಬಿಟ್ಟು ಎಲ್ಲಿ ಚಿತ್ರದ ಕಡೆ ಹೋಯಿತೋ ಅಲ್ಲಿ ಕಾರ್ಯಕ್ರಮ ಸೋತಿದೆ ಅಂತ ಅರ್ಥ. ಅದನ್ನು ಬರೆದುಕೊಂಡು ಹೋಗಿ ನಿರ್ಮಾಪಕರಿಗೆ ಕೊಡುತ್ತಿದ್ದರು.

1969ರ ಜುಲೈನಲ್ಲಿ ಫಿಲಡೆಲ್ಫಿಯಾದ ಮಕ್ಕಳಿಗೆ ಪ್ರಾಯೋಗಿಕ ಕಂತುಗಳನ್ನು ತೋರಿಸಿದರು. ಕಥೆ ನಡೆಯುವ ಸೆಸಮಿ ಸ್ಟ್ರೀಟ್ ಅನ್ನುವ ಬೀದಿಯಲ್ಲಿ ಮನುಷ್ಯರು ಮಾತ್ರ ಇರುವ ದೃಶ್ಯ ಬಂದಾಗ ಮಕ್ಕಳ ಗಮನ ಬಿದ್ದೇ ಹೋಗುತ್ತಿತ್ತು. ಬೊಂಬೆಗಳನ್ನು ನಿಜ ಮನುಷ್ಯರ ಜೊತೆ ಬೆರೆಸಬೇಡಿ, ಮಕ್ಕಳಿಗೆ ಗೊಂದಲವಾಗುತ್ತದೆ ಅಂತ ತಜ್ಞರೇ ಮುಂಚೆ ಹೇಳಿದ್ದರು. ತಜ್ಞರು ಹೇಳಿದ್ದು ಒಂದು, ಮಕ್ಕಳ ಕಣ್ಣು ಹೇಳಿದ್ದು ಇನ್ನೊಂದು. ತಂಡ ಮಕ್ಕಳ ಕಡೆ ನಿಂತಿತು. ದೊಡ್ಡ ಹಕ್ಕಿಯ ಬೊಂಬೆ ಬಿಗ್ ಬರ್ಡ್, ಕಸದ ಡಬ್ಬಿಯಲ್ಲಿರುವ ಬೊಂಬೆ ಆಸ್ಕರ್ ಬೀದಿಗೆ ಬಂದದ್ದು ಹಾಗೆ. ಆ ವರ್ಷ ನವೆಂಬರ್ 10ಕ್ಕೆ ಪ್ರಸಾರ ಶುರುವಾಯಿತು.

ಕರಿಯರು ಬಿಳಿಯರು ಒಂದೇ ಬೀದಿಯಲ್ಲಿ ಒಟ್ಟಿಗೆ ಬಾಳುವುದನ್ನು ತೋರಿಸುತ್ತದೆ ಅನ್ನುವ ಕಾರಣಕ್ಕೆ 1970ರಲ್ಲಿ ಮಿಸಿಸಿಪಿ ರಾಜ್ಯದ ಟಿವಿ ಆಯೋಗ ಇದನ್ನು ಬೇಡ ಅಂದಿತು. ಸುದ್ದಿ ಹೊರಗೆ ಬಂದು ದೊಡ್ಡ ಗಲಾಟೆಯಾದ ಮೇಲೆ ಕೆಲವೇ ವಾರಗಳಲ್ಲಿ ತೀರ್ಮಾನ ಬದಲಾಯಿಸಿತು. ಬಿಬಿಸಿಯೂ ಬೇಡ ಅಂದಿತ್ತು, ಕಲಿಸುವ ರೀತಿ ಸರಿಯಿಲ್ಲ ಅಂತ. ಬಡವರ ಮಕ್ಕಳಷ್ಟೇ ಉಳ್ಳವರ ಮಕ್ಕಳೂ ನೋಡುವುದರಿಂದ ಅಂತರ ಕಡಿಮೆಯಾಗಲ್ಲ ಅನ್ನುವ ಟೀಕೆ 1975ರಲ್ಲಿ ಬಂತು. ಅದು ಗಟ್ಟಿಯಾದ ಟೀಕೆ, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಇಂಥ ಪ್ರಶ್ನೆ ಕೇಳಲು ಸಾಧ್ಯವಾದದ್ದೇ ಇವರು ಮೊದಲಿನಿಂದ ಫಲಿತಾಂಶವನ್ನು ಅಳೆಯಲು ಹೊರಗಿನವರಿಗೆ ಬಾಗಿಲು ತೆರೆದಿದ್ದರಿಂದ. ತಮ್ಮ ಕಾರ್ಯಕ್ರಮವನ್ನು ಹೊರಗಿನವರ ಪರೀಕ್ಷೆಗೆ ಒಡ್ಡುವ ಚಾನೆಲ್ ಇವತ್ತು ಯಾವುದಿದೆ?

ನನ್ನನ್ನು ತುಂಬಾ ತಟ್ಟಿದ ಎರಡು ಸಂಗತಿ ಹೇಳಬೇಕು. ಕಾರ್ಯಕ್ರಮದಲ್ಲಿ ಅಂಗಡಿಯ ಮಿಸ್ಟರ್ ಹೂಪರ್ ಪಾತ್ರ ಮಾಡುತ್ತಿದ್ದ ನಟ ವಿಲ್ ಲೀ 1982ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ಊರು ಬಿಟ್ಟು ಹೋದರು ಅಂತ ಹೇಳಿ ಮುಗಿಸಬಹುದಿತ್ತು. ನಮ್ಮ ಮನೆಗಳಲ್ಲೂ ಮಕ್ಕಳಿಗೆ ಹಾಗೇ ಹೇಳುತ್ತೇವೆ ಅಲ್ವಾ, ತಾತ ದೇವರ ಹತ್ತಿರ ಹೋಗಿದ್ದಾರೆ ಅಂತ. ಆದರೆ ಕಾರ್ಯಕ್ರಮದವರು ತಜ್ಞರನ್ನು ಕೇಳಿ, ಒಂದೊಂದು ಮಾತನ್ನೂ ತೂಗಿ, ಹೂಪರ್ ಸತ್ತಿದ್ದಾರೆ, ಇನ್ನು ವಾಪಸ್ ಬರಲ್ಲ ಅಂತ ಬಿಗ್ ಬರ್ಡ್‌ಗೆ ದೊಡ್ಡವರು ನೇರವಾಗಿ ಹೇಳುವ ಕಂತು ಮಾಡಿದರು. 1983ರ ನವೆಂಬರ್ 24, ಅಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನವೇ ಅದು ಪ್ರಸಾರವಾಯಿತು. ರಜೆ, ಅಪ್ಪ ಅಮ್ಮ ಮನೆಯಲ್ಲಿರುತ್ತಾರೆ, ಮಗು ಕೇಳಿದರೆ ಉತ್ತರ ಹೇಳಲು ಯಾರಾದರೂ ಪಕ್ಕದಲ್ಲಿರುತ್ತಾರೆ ಅನ್ನುವುದು ಲೆಕ್ಕ. ನೋಡುವ ಮಗುವಿನ ಬಗ್ಗೆ ಇಷ್ಟು ಯೋಚನೆ ಮಾಡಿ ಪ್ರಸಾರದ ದಿನ ಆರಿಸಿದ ಇನ್ನೊಂದು ಕಾರ್ಯಕ್ರಮ ನನಗೆ ಗೊತ್ತಿಲ್ಲ.

ಇನ್ನೊಂದು 1992ರದ್ದು. ಅಪ್ಪ ಅಮ್ಮ ಬೇರೆಯಾಗುವುದರ ಬಗ್ಗೆ ಪೂರ್ತಿ ಕಂತು ಚಿತ್ರೀಕರಣವಾಗಿ ಮುಗಿದಿತ್ತು. ಎಂದಿನಂತೆ ಮೊದಲು ಮಕ್ಕಳಿಗೆ ತೋರಿಸಿದರು. ಅಪ್ಪ ಅಮ್ಮ ಜಗಳವಾಡಿದರೆ ಬೇರೆಯಾಗುತ್ತಾರೆ, ಆಮೇಲೆ ನಮ್ಮನ್ನು ಪ್ರೀತಿಸಲ್ಲ ಅಂತ ಕೆಲವು ಮಕ್ಕಳು ಅರ್ಥ ಮಾಡಿಕೊಂಡರು. ಕಂತನ್ನು ಪ್ರಸಾರ ಮಾಡಲೇ ಇಲ್ಲ. ದುಡ್ಡು ಹೋಯಿತು, ಶ್ರಮ ಹೋಯಿತು, ಹೋಗಲಿ ಅಂದರು. ಅಷ್ಟು ಹೊತ್ತಿಗೆ ಕೂನಿ 1990ರಲ್ಲೇ ಮುಖ್ಯಸ್ಥೆಯ ಕೆಲಸದಿಂದ ಇಳಿದಿದ್ದರು. ಅವರು ಹಾಕಿದ ಪದ್ಧತಿ ಅವರಿಲ್ಲದಾಗಲೂ ನಡೆಯಿತು. 1995ರಲ್ಲಿ ಅವರಿಗೆ ಅಮೆರಿಕದ ದೊಡ್ಡ ನಾಗರಿಕ ಗೌರವವಾದ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಮ್ ಸಿಕ್ಕಿತು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು ಪ್ರಸಾರವಾಗದೆ ಉಳಿದ ಆ ಕಂತು.

ಇದು ದುಡ್ಡಿರುವ ದೇಶದ ಮಾತು ಅನ್ನಬೇಡಿ. 1975ರ ಆಗಸ್ಟಿನಿಂದ ಒಂದು ವರ್ಷ ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಉಪಗ್ರಹದ ಮೂಲಕ ಟಿವಿ ಬರುತ್ತಿತ್ತು. ಸೈಟ್ ಅಂತ ಆ ಪ್ರಯೋಗದ ಹೆಸರು. ಇಸ್ರೋ, ಆಕಾಶವಾಣಿ ಸೇರಿ, ನಾಸಾದ ಎಟಿಎಸ್-6 ಉಪಗ್ರಹ ಬಳಸಿ, ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ನಡೆಸಿದ್ದು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಕನ್ನಡದಲ್ಲೇ ಕಾರ್ಯಕ್ರಮ. ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯ. ನೋಡುವವರಿಗೆ ಏನು ಅರ್ಥವಾಯಿತು ಅಂತ ತಿಳಿಯಲು ಸಂಶೋಧಕರು ಹಳ್ಳಿಗಳಲ್ಲೇ ಹೋಗಿ ಉಳಿದರು. ಅಂದರೆ ಮನೆಗಳಲ್ಲಿ ಟಿವಿಯೇ ಇಲ್ಲದ ಕಾಲದಲ್ಲಿ ನಾವೂ ಈ ದಾರಿಯಲ್ಲಿ ನಡೆದಿದ್ದೆವು. ಈಗ ಮನೆಮನೆಯಲ್ಲೂ ಪರದೆ ಇದೆ. ಅದರಲ್ಲಿ ಕನ್ನಡದ ಮಗುವಿಗೆ ಸಿಗುವುದು ಜಾಸ್ತಿ ಡಬ್ ಆದ ಕಾರ್ಟೂನು, ಇಲ್ಲವೇ ದೊಡ್ಡವರ ಹಾಡಿಗೆ ಪುಟ್ಟ ಮಕ್ಕಳು ಕುಣಿದು ತೀರ್ಪುಗಾರರ ಮುಂದೆ ಕಣ್ಣೀರು ಹಾಕುವ ರಿಯಾಲಿಟಿ ಶೋ.

ನಾನು ಕೇಳುವುದು ಇಷ್ಟೇ. ಕನ್ನಡದಲ್ಲಿ ಪುಟ್ಟ ಮಕ್ಕಳಿಗೆ ಅಂತ ಹೊಸ ಕಾರ್ಯಕ್ರಮ ಮಾಡುವವರು, ಖಾಸಗಿ ಚಾನೆಲ್ ಆಗಲಿ ಚಂದನ ಆಗಲಿ, ಪ್ರಸಾರಕ್ಕೆ ಮುಂಚೆ ಅದನ್ನು ಒಂದು ಅಂಗನವಾಡಿಗೆ ತಗೊಂಡು ಹೋಗಿ ತೋರಿಸಲಿ. ರಾಜ್ಯದಲ್ಲಿ 60,000ಕ್ಕೂ ಜಾಸ್ತಿ ಅಂಗನವಾಡಿಗಳಿವೆ. ಬೀದರಿನ ಮಗುವಿಗೂ ಸುಳ್ಯದ ಮಗುವಿಗೂ ಒಂದೇ ಮಾತು ಒಂದೇ ಥರ ಅರ್ಥವಾಗುತ್ತದಾ ಅಂತ ನೋಡಲಿ. ಮಕ್ಕಳು ಎಲ್ಲಿ ಕಣ್ಣು ತಿರುಗಿಸಿದರು, ಎಲ್ಲಿ ಹೆದರಿದರು ಅಂತ ಬರೆದುಕೊಳ್ಳಲಿ. ಸರ್ಕಾರದ ದುಡ್ಡಿನಿಂದ ಆಗುವ ಮಕ್ಕಳ ಕಾರ್ಯಕ್ರಮಕ್ಕಂತೂ ಇದನ್ನು ಕಡ್ಡಾಯ ಮಾಡಬೇಕು. ಪತ್ರಿಕೆಯವರು ಕೂಡ ಮಕ್ಕಳ ಕಾರ್ಯಕ್ರಮದ ಬಗ್ಗೆ ಬರೆಯುವಾಗ ನಿರ್ಮಾಪಕರನ್ನು ಒಂದು ಪ್ರಶ್ನೆ ಕೇಳಿ: ಇದನ್ನು ಯಾವ ಮಕ್ಕಳಿಗೆ ತೋರಿಸಿ ನೋಡಿದಿರಿ?

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು, ಮೈಸೂರು