ಕಪಾಟಿನಿಂದ ಫೋನ್ ತೆಗಿ, ಅಪ್ಪ

ಸ್ಟುಟ್‌ಗಾರ್ಟ್, ಜರ್ಮನಿ, ಶನಿವಾರ

ತೀರ್ಥರೂಪು ಅಪ್ಪನಿಗೆ ಮಗಳು ಮಾಡುವ ನಮಸ್ಕಾರಗಳು. ನಾನು ಕ್ಷೇಮ. ಅಮ್ಮ, ಅಜ್ಜಿ ಹೇಗಿದ್ದಾರೆ? ಗೌರಿ ಕರು ಹಾಕಿತಾ?

ನಿನ್ನ ಕಾಗದ ನಿನ್ನೆ ಸಿಕ್ಕಿತು. ಫೋನ್ ಆಫ್ ಮಾಡಿ ದೇವರ ಕೋಣೆ ಕಪಾಟಿನಲ್ಲಿ ಇಟ್ಟಿದ್ದೀಯಂತೆ. "ಅರವತ್ತು ಸಾವಿರ ಹೋಗಿದ್ದಕ್ಕಲ್ಲ, ಊರವರ ಮುಂದೆ ದಡ್ಡ ಆದೆನಲ್ಲ" ಅಂತ ಬರೆದಿದ್ದೀಯ. ಅದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ.

ನಿನ್ನನ್ನ ಹೆದರಿಸಿ ದುಡ್ಡು ಕಿತ್ತ ಆ ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ಕಾನೂನಿನಲ್ಲೇ ಇಲ್ಲ ಅಪ್ಪ. ಆದರೆ ಖಾಕಿ ಹಾಕಿದವನೊಬ್ಬ ವಿಡಿಯೋದಲ್ಲಿ ಕೂತು "ನಿಮ್ಮ ಆಧಾರ್ ಮೇಲೆ ಬಂದ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಕ್ಯಾಮೆರಾ ಬಿಟ್ಟು ಏಳಬೇಡಿ" ಅಂದರೆ ಯಾರಿಗೆ ಕಾನೂನು ನೆನಪಾಗುತ್ತೆ? ಪಕ್ಕದವರನ್ನ ಒಂದು ಮಾತು ಕೇಳೋಕೆ ಬಿಡದೇ ಇರೋದೇ ಅವರ ಕಸುಬು. ಇಲ್ಲೂ ಇಂಥವರಿಗೆ ಬರವಿಲ್ಲ. ನಮ್ಮ ಮನೆ ಮಾಲೀಕರಿಗೆ 81 ವರ್ಷ. ಅವರಿಗೆ ಯಾರೋ ಫೋನ್ ಮಾಡಿ, ನಿಮ್ಮ ಮೊಮ್ಮಗ ಆಕ್ಸಿಡೆಂಟ್ ಮಾಡಿದ್ದಾನೆ, ಜಾಮೀನಿಗೆ ದುಡ್ಡು ಕೊಡಿ ಅಂದರಂತೆ. ಇದಕ್ಕೆ ಜರ್ಮನ್‌ನಲ್ಲಿ 'ಎಂಕೆಲ್‌ಟ್ರಿಕ್' ಅಂತ ಹೆಸರೇ ಇದೆ, ಮೊಮ್ಮಗನ ಮೋಸ. ಆ ಅಜ್ಜಿಗೆ ಮೊಮ್ಮಗನೇ ಇಲ್ಲ, ಹಾಗಾಗಿ ಬಚಾವಾದರು! ಸರದಿ ಬಂದ ವಾರ ನನ್ನ ಬಾಗಿಲಿಗೆ 'ಕೇರ್‌ವೋಖೆ' ಅಂತ ಬೋರ್ಡು ನೇತುಹಾಕೋದೂ ಇವರೇ. ಆ ವಾರ ಮೆಟ್ಟಿಲು, ಫುಟ್‌ಪಾತ್ ಎಲ್ಲ ನಾನೇ ಗುಡಿಸಬೇಕು. ಅಂಗಳ ಗುಡಿಸು ಅಂದರೆ ಓಡಿಹೋಗ್ತಿದ್ದವಳು. ಅಮ್ಮನಿಗೆ ಹೇಳು, ನಗಲಿ.

ಇನ್ನೊಂದು ವಿಷಯ. ಬೈಯಬೇಡ. ಇಲ್ಲಿಗೆ ಬಂದ ಹೊಸತರಲ್ಲಿ ಫೀಸು ಜಾಸ್ತಿಯಾಯ್ತು ಅಂತ ದುಡ್ಡು ತರಿಸಿಕೊಂಡಿದ್ದೆನಲ್ಲ, ಅದು ಫೀಸಿಗಲ್ಲ. ರೂಮಿನ ಫೋಟೋ ತೋರಿಸಿ, ಕೀ ಅಂಚೆಯಲ್ಲಿ ಕಳಿಸ್ತೀನಿ ಅಂದವನಿಗೆ 900 ಯೂರೋ ಅಡ್ವಾನ್ಸ್ ಹಾಕಿದ್ದೆ. ಕೀಯೂ ಬರಲಿಲ್ಲ, ರೂಮೂ ಇರಲಿಲ್ಲ. ಕಂಪ್ಯೂಟರ್ ಸೈನ್ಸ್ ಓದೋಕೆ ಬಂದವಳು ನಾನು! ನಿನಗೆ ಹೇಳೋಕೆ ಬಾಯಿ ಬರಲಿಲ್ಲ. ರಾತ್ರಿ ಎರಡಕ್ಕೆ ಮಂಜನಿಗೆ ವಿಡಿಯೋ ಕಾಲ್ ಮಾಡಿ ಅತ್ತುಬಿಟ್ಟೆ. ಅಲ್ಲಿ ಬೆಳಗಿನ ಐದೂವರೆ, ಡೈರಿಗೆ ಹಾಲು ಹಾಕೋ ಹೊತ್ತು. ಕ್ಯಾನು ಕೆಳಗಿಟ್ಟು ಅಲ್ಲೇ ಕಟ್ಟೆ ಮೇಲೆ ಕೂತ. ಇವತ್ತಿನವರೆಗೂ ಒಬ್ಬರಿಗೂ ಹೇಳಿಲ್ಲ. ನೀನು ಎಫ್‌ಡಿ ಮುರಿಸೋಕೆ ಹೊರಟಾಗ ಬಸ್‌ಸ್ಟ್ಯಾಂಡಿನಲ್ಲಿ ತಡೆದು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿದ್ದೂ ಅವನೇ ತಾನೆ. ಆ ಮುಖ ಅವನು ಮೊದಲೇ ನೋಡಿದ್ದ, ನನ್ನದು. (ಅಜ್ಜಿ ಏನೇನೋ ಲೆಕ್ಕ ಹಾಕೋದು ಬೇಡ, ಮಂಜ ಬರೀ ಸ್ನೇಹಿತ.)

ಫೋನ್ ತೆಗಿ ಅಪ್ಪ. ಗುರುತಿಲ್ಲದ ನಂಬರ್ ಎತ್ತಬೇಡ, ಅಷ್ಟೇ. ಭಾನುವಾರ ಇಲ್ಲಿ ಅಂಗಡಿಗಳೂ ಮುಚ್ಚಿರುತ್ತವೆ, ನಿಮ್ಮ ಮುಖ ನೋಡದಿದ್ದರೆ ದಿನವೇ ಕಳೆಯಲ್ಲ. ಹಾಗಂತ ನಾನು ಬೇಜಾರಲ್ಲಿದ್ದೀನಿ ಅಂದ್ಕೋಬೇಡ. ಚೆನ್ನಾಗಿದ್ದೀನಿ, ಚೆನ್ನಾಗಿ ತಿಂತಿದ್ದೀನಿ. ಚಳಿಗೆ ಜಾಕೆಟ್ ಇದೆ, ಎರಡಿದೆ.

ಮೆಟ್ಟಿಲು ಗುಡಿಸೋದು ಬಾಕಿ, ನಾಳೆ ಭಾನುವಾರ, ಸದ್ದು ಮಾಡೋ ಹಾಗಿಲ್ಲ. ಓನರ್ ಅಜ್ಜಿ ಆಗಲೇ ಬಾಗಿಲ ಹೊರಗೆ ಕೆಮ್ಮುತ್ತಿದ್ದಾರೆ. ಉಳಿದದ್ದು ಫೋನಲ್ಲಿ.

ನಿನ್ನ
ಪುಟ್ಟಿ