ಜೀವಕೋಶ ಕಾಣಲಿಲ್ಲ ಅಂತ ಬರೆದ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ಕ್ಲಾಸಿನಲ್ಲಿ ಮೈಕ್ರೋಸ್ಕೋಪಿನಲ್ಲಿ ಈರುಳ್ಳಿ ಪೊರೆ ನೋಡಿದ ದಿನದ ಬಗ್ಗೆ ನೀನು ಬರೆದ ಪತ್ರದ ಕೊನೆಯ ಎರಡು ಸಾಲು ಮನಸ್ಸಿನಿಂದ ಹೋಗುತ್ತಿಲ್ಲ. "ಎಲ್ಲರಿಗೂ ಜೀವಕೋಶ ಕಾಣಿಸಿತು, ನನಗೆ ಮಾತ್ರ ಇಲ್ಲ. ಸುಮ್ನೆ ಕಂಡಿತು ಅಂದುಬಿಟ್ಟೆ. ಸೈನ್ಸ್ ನನಗೆ ಒಗ್ಗಲ್ಲ ಅನಿಸುತ್ತೆ ಅತ್ತೆ."

ಎಲ್ಲರಿಗೂ ಕಂಡಿತು ಅಂತ ನಿನಗೆ ಹೇಗೆ ಗೊತ್ತು? ಅವರು ಹೇಳಿದ್ದರಿಂದ ತಾನೆ? ನೀನೂ ಹಾಗೇ ಹೇಳಿದೆಯಲ್ಲ.

ನಾನು ಓದುವಾಗ ಇಡೀ ಕ್ಲಾಸಿಗೆ ಒಂದೇ ಮೈಕ್ರೋಸ್ಕೋಪ್. ಸಾಲಿನಲ್ಲಿ ನಿಂತು, ಒಂದು ಕಣ್ಣು ಮುಚ್ಚಿ ಬಗ್ಗುವಷ್ಟರಲ್ಲಿ ಹಿಂದಿನವರು ತಳ್ಳುತ್ತಿದ್ದರು. ನನಗೆ ಕಂಡಿದ್ದು ನನ್ನದೇ ರೆಪ್ಪೆಕೂದಲು. ಟೀಚರ್ ಆದ ಮೇಲೂ ಅದೇ ಪರಿಸ್ಥಿತಿ. ಪೀರಿಯಡ್ ಮುಗಿಯುವುದರೊಳಗೆ ಎಲ್ಲ ಮಕ್ಕಳೂ ನೋಡಬೇಕಿತ್ತು. "ಕಂಡ್ತು ಮಿಸ್" ಅಂತ ಹೇಳಿ ಹೋದವರಲ್ಲಿ ಎಷ್ಟು ಜನಕ್ಕೆ ನಿಜವಾಗಿ ಕಂಡಿತ್ತೋ. ಇನ್ನೊಂದು ಸ್ವಲ್ಪ ಹೊತ್ತು ಕೊಡಲು ಆಗಿದ್ದರೆ ಅಂತ ಈಗಲೂ ಸಂಕಟವಾಗುತ್ತದೆ. ನಿನ್ನ ಸಾಲು ಓದಿದಾಗ ಆ ಮುಖಗಳೇ ನೆನಪಾದವು.

ರಾಬರ್ಟ್ ಹುಕ್ ಹೆಸರು ನಿನ್ನ ಪಾಠದಲ್ಲಿದೆ, ಅಲ್ವಾ? 1665ರಲ್ಲಿ ಬಿರಡೆಯ ತೆಳು ಚೂರು ನೋಡಿ 'ಸೆಲ್' ಅಂತ ಹೆಸರಿಟ್ಟವನು. ಅವನು ಕಂಡಿದ್ದು ಸತ್ತ ಕೋಶಗಳ ಖಾಲಿ ಗೋಡೆ ಅಷ್ಟೇ, ಒಳಗಿನ ಜೀವ ಯಾವತ್ತೋ ಹೋಗಿತ್ತು. ಆಮೇಲೆ ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್, ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಓಡಾಡುತ್ತವೆ ಅಂತ ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಗೆ ಬರೆದ. ನಂಬುವುದು ಅವರಿಗೆ ಕಷ್ಟವಾಯಿತು. ಪರೀಕ್ಷಿಸುವ ಕೆಲಸ ಹುಕ್‌ಗೆ ಬಂತು. ಮೆಣಸಿನಕಾಳು ನೆನೆಸಿದ ನೀರು ಇಟ್ಟುಕೊಂಡು ನೋಡಿದ. ಮೊದಲು ಏನೂ ಕಾಣಲಿಲ್ಲ. ಹುಕ್‌ಗೇ ಕಾಣಲಿಲ್ಲ, ಪುಟ್ಟಿ! ಮಸೂರ, ಬೆಳಕು ಎಲ್ಲ ಸರಿಮಾಡಿಕೊಂಡು ಮತ್ತೆ ನೋಡಿದ ಮೇಲೆ, 1677ರ ನವೆಂಬರ್‌ನಲ್ಲಿ ಕಂಡವು. ಕಾಣದಿದ್ದ ದಿನ ಅವನು ಸೈನ್ಸ್ ಬಿಟ್ಟು ಹೋಗಲಿಲ್ಲ.

ಇನ್ನೊಂದು ಅನುಮಾನ ನನಗೆ. ಜೀವ ಇರುವುದು ಬೆಳೆಯುತ್ತದೆ, ಆಹಾರ ಬಳಸುತ್ತದೆ, ಪ್ರತಿಕ್ರಿಯೆ ತೋರಿಸುತ್ತದೆ ಅಂತ ಓದಿಕೊಂಡು ಹೋಗಿ, ಲೆನ್ಸ್ ಕೆಳಗೆ ಏನೋ ಅಲ್ಲಾಡುತ್ತದೆ ಅಂತ ಕಾದೆಯಾ? ಈರುಳ್ಳಿ ಪೊರೆಗೆ ಅಯೋಡಿನ್ ಹಾಕಿದರೆ ಕೋಶಗಳು ಸಾಯುತ್ತವೆ. ಉದ್ದುದ್ದ ಮನೆಗಳು ಒತ್ತೊತ್ತಾಗಿ, ಪ್ರತಿಯೊಂದರಲ್ಲಿ ಕಂದು ಬಣ್ಣದ ಒಂದು ಚುಕ್ಕಿ, ಅದೇ ಕೋಶಕೇಂದ್ರ. ಅಷ್ಟೇ ಕಾಣುವುದು. ಅದನ್ನು ನೋಡಿಯೂ ಇದಲ್ಲ ಅಂದುಕೊಂಡೆಯೋ ಏನೋ. ಸುತ್ತ ದಪ್ಪ ಕಪ್ಪು ಅಂಚಿರುವ ದುಂಡನೆಯದು ಕಂಡಿದ್ದರೆ ಅದು ಗಾಳಿಗುಳ್ಳೆ, ಮಕ್ಕಳು ಜಾಸ್ತಿ ಮೋಸಹೋಗುವುದು ಅಲ್ಲೇ. ಮೇಲೆ ಮುಚ್ಚುವ ತೆಳು ಗಾಜು, ಅಂದರೆ ಕವರ್ ಸ್ಲಿಪ್, ಓರೆಯಾಗಿ ನಿಧಾನಕ್ಕೆ ಇಳಿಸಿದರೆ ಗುಳ್ಳೆ ಕಡಿಮೆ. ಮೊದಲು ಕಡಿಮೆ ಪವರ್‌ನಲ್ಲೇ ನೋಡು. ಇದೆಲ್ಲ ನಿಮ್ಮ ಮೇಡಂ ಹೇಳಿರುತ್ತಾರೆ, ಆದರೂ ಬರೆದೆ, ಬೇಜಾರು ಮಾಡಿಕೊಳ್ಳಬೇಡ.

ಅಲ್ಲಾಡುವುದೇ ನೋಡಬೇಕಿದ್ದರೆ, ಹೈಡ್ರಿಲ್ಲಾ ಅಂತ ನೀರಿನ ಗಿಡ ಇದೆ. ಎಳೆ ಎಲೆಯನ್ನು ಒಂದು ಹನಿ ನೀರಿನಲ್ಲಿಟ್ಟು ಸ್ವಲ್ಪ ಹೊತ್ತು ಬೆಳಕು ಬಿಡು. ಕೋಶದ ಅಂಚಿನಲ್ಲಿ ಹಸಿರು ಕಣಗಳು ಮೆಲ್ಲಗೆ ಸುತ್ತುತ್ತವೆ. ಬಣ್ಣವೂ ಬೇಡ.

ಮೇಡಂ ಹತ್ತಿರ ಹೋಗಿ "ನನಗೆ ಕಾಣಲಿಲ್ಲ, ಇನ್ನೊಂದು ಸಲ ತೋರಿಸಿ" ಅಂತ ಕೇಳ್ತೀಯಾ? ಬೈಯಲಾರರು ಅನಿಸುತ್ತದೆ. ಕೇಳಲು ಭಯವಾದರೆ ದಸರಾ ರಜೆಗೆ ಇಲ್ಲಿಗೆ ಬಾ, ನನ್ನ ಹಳೇ ಶಾಲೆಯಲ್ಲಿ ಕೇಳೋಣ. ಅಲ್ಲಿಯವರೆಗೆ ಕಾಮರ್ಸ್‌ಗೆ ಬದಲಾಯಿಸುವ ವಿಷಯ ಅಣ್ಣನ ಹತ್ತಿರ ಎತ್ತಬೇಡ.

ನಿನ್ನ
ಅತ್ತೆ